ದಾಟಿದವನ ಋಣ

ಎರಡು ವರ್ಷಗಳ ಹಿಂದೆ ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನಾನು ಕೈಯೆತ್ತಿ ವಿರೋಧಿಸಿದ ಗೊತ್ತುವಳಿಯೊಂದು ಈಗಲೂ ನನ್ನನ್ನು ಚುಚ್ಚುತ್ತಿರುತ್ತದೆ. ನಮ್ಮ ಕಟ್ಟಡಕ್ಕೆ ನಲವತ್ತು ದಾಟಿದೆ. ದುರಸ್ತಿ ನಿಧಿಗೆಂದು ಪ್ರತಿ ಮನೆಯವರು ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚಿಗೆ ಕೊಡಬೇಕೆಂಬುದು ಸೆಕ್ರೆಟರಿಯವರ ಸೂಚನೆ. ನಾನು ನಿವೃತ್ತನಾದವನು. ಇನ್ನು ನಾಲ್ಕೈದು ವರ್ಷಗಳಲ್ಲಿ ಮನೆ ಮಾರಿ ಊರು ಸೇರುವ ಆಲೋಚನೆಯುಳ್ಳವನು. ಮುಂದಿನ ಮೂವತ್ತು ವರ್ಷ ಇಲ್ಲಿ ಯಾರೋ ಸುಖವಾಗಿರಲೆಂದು ನಾನೇಕೆ ಹಣ ತೆರಬೇಕು ಎಂದು ವಾದಿಸಿದೆ. ನನ್ನಂಥವರೇ ಹೆಚ್ಚು ಮಂದಿ ಇದ್ದರು. ಗೊತ್ತುವಳಿ ಬಿದ್ದುಹೋಯಿತು. ಮೆಟ್ಟಿಲಿಳಿಯುವಾಗ ಮೇಲಿನ ಮಹಡಿಯ ಹಿರಿಯರೊಬ್ಬರು, "ರಾಯರೇ, ನೀವು ಹೋಗ್ತೀರಿ ಸರಿ, ಗೋಡೆ ಇಲ್ಲೇ ಇರುತ್ತಲ್ಲ?" ಎಂದಷ್ಟೇ ಹೇಳಿದರು. ಆ ಮಳೆಗಾಲದಲ್ಲಿ ಗ್ಯಾಲರಿಯ ಕೆಳಗಿನ ಸಿಮೆಂಟಿನ ಹೆಪ್ಪಳಿಕೆಯೊಂದು ಕಳಚಿ, ಬೆಳಗಿನ ಹಾಲು ಹಾಕಲು ಬಂದ ಹುಡುಗನ ಹೆಗಲ ಮೇಲೆ ಬಿತ್ತು. ಮೂಳೆ ಮುರಿಯಿತು. ಪುಣ್ಯಕ್ಕೆ ಜೀವ ಉಳಿಯಿತು. ಆ ಹುಡುಗ ನಮ್ಮ ಸೊಸೈಟಿಯ ಸದಸ್ಯನಲ್ಲ. ನಮ್ಮ ಸಭೆಯಲ್ಲಿ ಅವನಿಗೆ ಮತವೂ ಇರಲಿಲ್ಲ.

ಈ ಚಿಕ್ಕ ಸಂಗತಿ ಒಂದು ದೊಡ್ಡ ಪ್ರಶ್ನೆಯ ಕಡೆಗೆ ನನ್ನ ಮನಸ್ಸನ್ನು ತಿರುಗಿಸಿತು. ಹಿಂದಿನವರು ಕಟ್ಟಿಹೋದ ಸೇತುವೆ, ರಸ್ತೆ, ರೈಲುಗಳನ್ನು ನಾವು ದಿನವೂ ಬಳಸುತ್ತೇವೆ. ಅವು ಮುದಿಯಾದಾಗ ರಿಪೇರಿಯ ಹಣವನ್ನು ಯಾರು ಕೊಡಬೇಕು?

ಮುಂಬಯಿಯಿಂದ ಕರಾವಳಿಯ ಊರಿಗೆ ಬಸ್ಸಿನಲ್ಲಿ ಹೋಗುವ ನಮ್ಮ ಜನಕ್ಕೆ ಮಹಾಡ್ ಚಿರಪರಿಚಿತ. ಅಲ್ಲಿ ಸಾವಿತ್ರಿ ನದಿಗೆ 1928ರಲ್ಲಿ ಕಟ್ಟಿದ ಕಲ್ಲಿನ ಕಮಾನು ಸೇತುವೆಯೊಂದಿತ್ತು. 2016ರ ಆಗಸ್ಟ್ 2ರ ರಾತ್ರಿ ಅದು ಪ್ರವಾಹಕ್ಕೆ ಕುಸಿದು, ಎರಡು ಎಸ್.ಟಿ. ಬಸ್ಸುಗಳು ಪ್ರಯಾಣಿಕರ ಸಮೇತ ನೀರುಪಾಲಾದವು. ಅದೇ ದಾರಿಯ ಇನ್ನೊಂದು ತುದಿಯಲ್ಲಿ, ಕಾರವಾರದ ಬಳಿ, ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕಿಕೊಂಡ. ಈ ಸೇತುವೆಗೆ ಸುಮಾರು ನಲವತ್ತು ವರ್ಷ ಮಾತ್ರ ಆಗಿತ್ತು. ಒಂದು ಬ್ರಿಟಿಷರ ಕಾಲದ್ದು, ಇನ್ನೊಂದು ನಮ್ಮ ಕಾಲದ್ದೇ. ಹಳೆಯದಾಗುವುದಕ್ಕೆ ನೂರು ವರ್ಷವೇ ಬೇಕೆಂದಿಲ್ಲ.

ಮುಂಬಯಿಯೊಳಗೂ ಇದೇ ಕತೆ. 1879ರ ಹ್ಯಾನ್‌ಕಾಕ್ ಸೇತುವೆಯನ್ನು 2016ರಲ್ಲಿ, 1868ರ ಕಾರ್ನಾಕ್ ಸೇತುವೆಯನ್ನು 2022ರಲ್ಲಿ ಕಳಚಿದರು. 1912ರ ಸಯಾನ್ ಸೇತುವೆಯನ್ನು 2024ರಲ್ಲಿ ಮುಚ್ಚಿದರು. ಇವು ಬೀಳುವ ಮೊದಲೇ ತೆಗೆದದ್ದು ಸಮಾಧಾನದ ವಿಷಯ. ಆದರೆ 2019ರ ಮಾರ್ಚ್ 14ರ ಸಂಜೆ ಸಿ.ಎಸ್.ಎಂ.ಟಿ. ನಿಲ್ದಾಣದ ಹೊರಗಿನ ಪಾದಚಾರಿ ಸೇತುವೆ ಕುಸಿದಾಗ, ಸತ್ತವರಲ್ಲಿ ರಾತ್ರಿಪಾಳಿಗೆ ಹೊರಟಿದ್ದ ದಾದಿಯರೂ ಇದ್ದರು. ಆ ಸೇತುವೆಯನ್ನು ತಪಾಸಣೆ ಮಾಡಿ, ಚಿಕ್ಕಪುಟ್ಟ ರಿಪೇರಿ ಸಾಕು ಎಂದು ವರದಿ ಕೊಟ್ಟದ್ದೂ ಆಗಿತ್ತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸಾವಿತ್ರಿಗೆ ಹೊಸ ಸೇತುವೆ ಹತ್ತು ತಿಂಗಳಲ್ಲಿ, 2017ರ ಜೂನ್ ತಿಂಗಳಿಗೆ ಸಿದ್ಧವಾಯಿತು. ಅಂದರೆ ಹಣವೇ ಇರಲಿಲ್ಲವೆಂದು ಹೇಳುವಂತಿಲ್ಲ. ಮನಸ್ಸು ಹುಟ್ಟುವುದಕ್ಕೆ ಅಷ್ಟು ಸಾವುಗಳು ಬೇಕಾದವು. ಹೊಸದನ್ನು ಕಟ್ಟಿದರೆ ಉದ್ಘಾಟನೆಯುಂಟು, ಅಮೃತಶಿಲೆಯ ಫಲಕದ ಮೇಲೆ ಹೆಸರುಂಟು. ಹಳೆಯ ಕಂಬದ ಬುಡಕ್ಕೆ ಗಾರೆ ತುಂಬಿಸಿದವನಿಗೆ ಯಾರು ಹಾರ ಹಾಕುತ್ತಾರೆ? ಬೀಳದೆ ಉಳಿದ ಸೇತುವೆ ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ವಿವೇಕಿಗಳಾಗಿದ್ದರೆಂದು ತೋರುತ್ತದೆ. ಕನ್ನಡ ನಾಡಿನ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕುಬಿಟ್ಟದ್ದನ್ನು ಸರಿಪಡಿಸುವುದು ಎಂದು ಅದರ ಅರ್ಥ. ದೇವಾಲಯಕ್ಕೆ ದತ್ತಿ ಬಿಡುವಾಗಲೇ ಈ ಕೆಲಸಕ್ಕೂ ಭೂಮಿ ಬಿಡುತ್ತಿದ್ದರು. ಕೆರೆಯ ರಕ್ಷಣೆಗೆ 'ಬಿತ್ತುವಟ್ಟ', 'ಕಟ್ಟುಕೊಡಗೆ' ಎಂಬ ಬೇರೆ ಏರ್ಪಾಡುಗಳೇ ಇದ್ದವು. ಕಟ್ಟಿದ್ದೆಲ್ಲ ಒಂದು ದಿನ ಸವೆಯುತ್ತದೆಂಬುದನ್ನು ಅವರು ಮೊದಲ ದಿನವೇ ಒಪ್ಪಿಕೊಂಡಿದ್ದರು. ನಮ್ಮ ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ನಿಯಮಾವಳಿಯಲ್ಲೂ ಈ ವಿವೇಕ ಉಂಟು. ಕಟ್ಟಡ ವೆಚ್ಚದ ಮೇಲೆ ವರ್ಷಕ್ಕೆ ಶೇಕಡಾ 0.75ರಷ್ಟು ದುರಸ್ತಿಗೆ, ಕನಿಷ್ಠ ಶೇಕಡಾ 0.25ರಷ್ಟು ಸಿಂಕಿಂಗ್ ಫಂಡಿಗೆ ಎಂದು ಅದು ಹೇಳುತ್ತದೆ. ಓದಿ ಒಪ್ಪಿಕೊಂಡವರೇ ಸಭೆಯಲ್ಲಿ ಬೇಡವೆನ್ನುತ್ತೇವೆ.

ಹಾಗಾದರೆ ಹಣ ಯಾರದು? ಬಳಸುವವನೇ ಕೊಡಲಿ ಎಂಬುದು ಮೊದಲನೆಯ ಉತ್ತರ. ಇದರಲ್ಲಿ ನ್ಯಾಯವಿದೆ. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯ ಸಮಿತಿ, ಪೆಟ್ರೋಲಿನ ಮೇಲಿನ ಹೆಚ್ಚುವರಿ ಸುಂಕದಿಂದ ರಸ್ತೆಗಳಿಗೆ ಹಣ ಒದಗಿಸಬೇಕೆಂದು ಹೇಳಿದ್ದು ಈ ತತ್ತ್ವದ ಮೇಲೆಯೇ. 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿದ್ದು ಅದರಿಂದ. ಟೋಲ್ ನಾಕಾದ ಹಿಂದೆಯೂ ಇದೇ ತತ್ತ್ವವಿದೆ. ಆದರೆ ಸೇತುವೆಯನ್ನು ಬಳಸುವವರು ವಾಹನದಲ್ಲಿ ಕುಳಿತವರು ಮಾತ್ರವೇ? ವಾಶಿಯ ಮಾರುಕಟ್ಟೆಗೆ ಈರುಳ್ಳಿ ತರುವ ಲಾರಿ ದಾಟಿದಾಗ, ಮಾಟುಂಗದಲ್ಲಿ ಸಾರು ಮಾಡುವ ಗೃಹಿಣಿಯೂ ಆ ಸೇತುವೆಯನ್ನು ದಾಟಿದಂತೆಯೇ ಅಲ್ಲವೇ?

ಎಲ್ಲರೂ ತೆರಿಗೆಯ ಮೂಲಕ ಕೊಡಲಿ ಎಂಬುದು ಎರಡನೆಯ ಉತ್ತರ. ಇದಕ್ಕೂ ತೊಡಕುಂಟು. 2024ರ ಅಕ್ಟೋಬರಿನಲ್ಲಿ ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಕಾರುಗಳಿಗೆ ಟೋಲ್ ಮನ್ನಾ ಆಯಿತು. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು ಬೇಸತ್ತ ನಾವೆಲ್ಲ ಸಂತೋಷಪಟ್ಟೆವು. ಆದರೆ ಫ್ಲೈಓವರುಗಳ ಖರ್ಚು ಮನ್ನಾ ಆಗಲಿಲ್ಲ. ಅದು ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಬೊಕ್ಕಸವನ್ನು ತುಂಬುವವರಲ್ಲಿ ಕಾರಿಲ್ಲದವರೇ ಬಹಳ. ಮೇಲಾಗಿ ಒಂದು ಕೆಲಸಕ್ಕೆಂದು ಎತ್ತಿದ ತೆರಿಗೆ ಇನ್ನೊಂದಕ್ಕೆ ಹರಿಯುವುದೂ ಸಾಮಾನ್ಯ. 2018ರಲ್ಲಿ ಆ ಹಳೆಯ ರಸ್ತೆ ನಿಧಿಯ ಹೆಸರನ್ನೇ ಹಿಗ್ಗಿಸಿ, ರಸ್ತೆಯಲ್ಲದ ಅನೇಕ ಕಾಮಗಾರಿಗಳಿಗೂ ಅದರಲ್ಲಿ ಪಾಲು ಕೊಟ್ಟರು.

ಸಾಲ ಮಾಡಿ ಮುಂದಿನವರು ತೀರಿಸಲಿ ಎಂಬುದು ಮೂರನೆಯ ಉತ್ತರ. ಕೊಂಕಣ ರೈಲ್ವೆಯನ್ನು ಕಟ್ಟುವಾಗ ಸಾರ್ವಜನಿಕ ಬಾಂಡುಗಳ ಮೂಲಕ ಹಣ ಎತ್ತಿದರು. 1998ರಲ್ಲಿ ಪೂರ್ತಿಯಾದ ಆ ಮಾರ್ಗದಲ್ಲಿ ಮೊಮ್ಮಕ್ಕಳೂ ಪ್ರಯಾಣ ಮಾಡುತ್ತಾರಾದ್ದರಿಂದ, ಹೊರೆಯನ್ನು ಅವರೊಡನೆ ಹಂಚಿಕೊಂಡದ್ದು ಅನ್ಯಾಯವಲ್ಲ. ಆದರೆ ಹೊಸದನ್ನು ಕಟ್ಟುವ ಸಾಲ ಬೇರೆ, ಸವಕಳಿಯ ಸಾಲ ಬೇರೆ. ಸೇತುವೆಯನ್ನು ಸವೆಸಿದವರು ನಾವು. ನಾವು ಉಂಡ ಊಟದ ಬಿಲ್ಲನ್ನು ಇನ್ನೂ ಹುಟ್ಟದ ಮಗುವಿನ ಹೆಸರಿಗೆ ಬರೆಸುವುದು ಯಾವ ಧರ್ಮ?

ಆದ್ದರಿಂದ ನನಗೆ ತೋರುವುದಿಷ್ಟು. ಹೊಸದಕ್ಕೆ ಸಾಲವಾಗಬಹುದು. ದಿನನಿತ್ಯದ ಸವಕಳಿಗೆ ಆಯಾ ಕಾಲದ ಜನರೇ ಕೊಡಬೇಕು. ಕೊಡುವುದರಲ್ಲಿ ಹೆಚ್ಚು ಭಾರ ಹೊರಿಸಿ ಹೆಚ್ಚು ಸವೆಸುವವನ ಪಾಲು ಹೆಚ್ಚಿರಬೇಕು, ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ದುಡಿಯಲು ಹೋಗುವವನ ಪಾಲು ಕಡಿಮೆಯಿರಬೇಕು. ಬೆಸ್ಟ್ ಬಸ್ಸಿನ ಕನಿಷ್ಠ ದರವನ್ನು 2019ರಲ್ಲಿ 8 ರೂಪಾಯಿಯಿಂದ 5ಕ್ಕೆ ಇಳಿಸಿ, 2025ರಲ್ಲಿ ಒಮ್ಮೆಲೇ 10ಕ್ಕೆ ಏರಿಸಿದರು. ಇಳಿಸಿದಾಗ ಹಿಗ್ಗಿದ ಬಡವನಿಗೇ ಏರಿಸಿದಾಗ ಹೆಚ್ಚು ಪೆಟ್ಟು. ವರ್ಷವರ್ಷವೂ ಸ್ವಲ್ಪಸ್ವಲ್ಪ ಸತ್ಯ ಹೇಳದೆ, ಕೊನೆಗೆ ಒಟ್ಟಿಗೆ ಹೇಳುವುದರ ಫಲವಿದು.

"ಕೊಟ್ಟ ಹಣವನ್ನು ತಿನ್ನುತ್ತಾರಲ್ಲ ಸ್ವಾಮಿ, ಪ್ರತಿ ಮಳೆಗಾಲಕ್ಕೆ ಅದೇ ಹೊಂಡಕ್ಕೆ ಅದೇ ಡಾಂಬರು" ಎಂದು ನೀವು ಕೇಳಬಹುದು. ನಾನೂ ಸಭೆಯಲ್ಲಿ ಅದನ್ನೇ ಕೇಳಿದ್ದೆ. ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಪರಿಹಾರ ಲೆಕ್ಕ ಕೇಳುವುದು. ಲೆಕ್ಕ ಕೇಳುವ ಶ್ರಮವನ್ನೂ ವಹಿಸದೆ, ಹಣವನ್ನೂ ಕೊಡದೆ ಕೈಕಟ್ಟಿ ಕೂತರೆ, ತಿನ್ನುವವನಿಗೆ ನಷ್ಟವೇನೂ ಇಲ್ಲ. ಪೆಟ್ಟು ಬೀಳುವುದು ಹಾಲಿನ ಹುಡುಗನ ಹೆಗಲ ಮೇಲೆ. ಸೇತುವೆಯ ತಪಾಸಣೆಯ ವರದಿಯನ್ನು ಊರವರೆಲ್ಲ ಓದುವಂತೆ ಪ್ರಕಟಿಸಬೇಕೆಂದು ನಾವು ಎಂದಾದರೂ ಒತ್ತಾಯಿಸಿದ್ದೇವೆಯೇ?

ಮಾಹಿಮ್‌ನಿಂದ ಬಾಂದ್ರಾಕ್ಕೆ ಹೋಗುವ ಕಾಸ್‌ವೇ 1840ರ ದಶಕದಲ್ಲಿ ಲೇಡಿ ಆವಾಬಾಯಿ ಜಮ್ಶೇಟ್‌ಜೀ ಅವರು ಕೊಟ್ಟ ಒಂದೂವರೆ ಲಕ್ಷಕ್ಕೂ ಮಿಕ್ಕಿದ ರೂಪಾಯಿಗಳಿಂದ ಆದದ್ದು. ಅದನ್ನು ಇಂದು ದಾಟುವ ನಾವು ಆ ತಾಯಿಗೆ ಋಣ ತೀರಿಸುವಂತಿಲ್ಲ, ಆಕೆ ಎಂದೋ ಹೋದರು. ಹಿಂದಿನವರ ಋಣವನ್ನು ಮುಂದಿನವರಿಗೇ ಸಲ್ಲಿಸಬೇಕು, ಬೇರೆ ದಾರಿಯಿಲ್ಲ. ಬೇರೆ ಊರಿನಿಂದ ಹೊಟ್ಟೆಪಾಡಿಗೆ ಬಂದ ನಮಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಈ ನಗರದ ಒಂದು ಕಲ್ಲನ್ನೂ ನಮ್ಮ ಅಜ್ಜಂದಿರು ಇಟ್ಟಿರಲಿಲ್ಲ. ಆದರೂ ಅದು ನಮ್ಮನ್ನು ದಾಟಿಸಿತು.

ಕಳೆದ ತಿಂಗಳು ಮತ್ತೆ ಸಭೆ ಸೇರಿತು. ಅದೇ ಗೊತ್ತುವಳಿಯನ್ನು ಈ ಸಲ ಸೂಚಿಸಿದವನು ನಾನು. ಒಪ್ಪಿಗೆಯೂ ಆಯಿತು. ಹಾಲಿನ ಹುಡುಗ ಈಗಲೂ ಬರುತ್ತಾನೆ. ಆದರೆ ಡಬ್ಬವನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಬಾಗಿಲು ತೆರೆದಾಗ ನನ್ನ ಕಣ್ಣು ಇನ್ನೂ ಅವನ ಬಲಗೈಯ ಕಡೆಗೇ ಹೋಗುತ್ತದೆ.