ಗದ್ದೆಗೆ ಇಳಿಯದ ಧಣಿ

ಬುಧವಾರ ಸಂಜೆ, ಔಷಧದಂಗಡಿಯ ಬಾಗಿಲು ಹಾಕಲು ಕಾಲು ಗಂಟೆ ಉಳಿದಿದ್ದಾಗ ಆ ಹುಡುಗಿ ಬಂದಳು. ಕೆಂಗೂದಲು, ಮೂಗಿನ ಮೇಲೂ ತೋಳಿನ ಮೇಲೂ ಕಂದು ಚುಕ್ಕಿಗಳು, ಇಪ್ಪತ್ತರ ಆಚೀಚೆ ವಯಸ್ಸು. ಕೋಟು ಕಳಚಿ ಕೌಂಟರಿನ ಮೇಲೆ ಕೈ ಚಾಚಿದಳು. ಮೊಣಕೈಯಿಂದ ಭುಜದವರೆಗೆ ಚರ್ಮ ಬೆಂದ ಹಾಗೆ ಕೆಂಪಾಗಿತ್ತು. ಅದರ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು. ತುರಿಕೆ ತಡೆಯಲಾಗುತ್ತಿಲ್ಲ, ಹೈಡ್ರೋಕಾರ್ಟಿಸೋನ್ ಕ್ರೀಮ್ ಕೊಡಿ ಎಂದಳು. ಶನಿವಾರ ಅಕ್ಕನ ಮದುವೆ. ತೋಳಿಲ್ಲದ ಉಡುಪು. ಫೋಟೊದಲ್ಲಿ ತಾನೊಬ್ಬಳೇ ಹಾಲಿನ ಹಾಗೆ ಕಾಣಬಾರದೆಂದು ಹಿಂದಿನ ದಿನ, ಜೀವನದಲ್ಲಿ ಮೊದಲ ಸಲ, ಸನ್‌ಬೆಡ್ಡಿನಲ್ಲಿ ಮಲಗಿ ಬಂದಿದ್ದಳು. ಎಷ್ಟು ಹೊತ್ತು ಎಂದು ಕೇಳಿದೆ. ಆರು ನಿಮಿಷ.

ನಾನು ಕಾರ್ಕಳ ಬಿಟ್ಟು ಲಿವರ್‌ಪೂಲಿಗೆ ಬಂದು ಹದಿನೆಂಟು ವರ್ಷವಾಯಿತು. ನಮ್ಮ ಅಂಗಡಿಯಿರುವ ಬೀದಿಯಲ್ಲೇ ಎರಡು ಟ್ಯಾನಿಂಗ್ ಅಂಗಡಿಗಳಿವೆ. ಕಣ್ಣಿಗೆ ಪುಟ್ಟ ಕನ್ನಡಕ ಹಾಕಿಕೊಂಡು, ಪೆಟ್ಟಿಗೆಯಂಥ ಹಾಸಿಗೆಯಲ್ಲಿ ಮಲಗಿ, ಮುಚ್ಚಳ ಎಳೆದುಕೊಂಡರೆ ಮೇಲಿನ ಕೆಳಗಿನ ಟ್ಯೂಬುಗಳು ನೇರಳಾತೀತ ಬೆಳಕು ಸುರಿಯುತ್ತವೆ. ನಿಮಿಷಕ್ಕಿಷ್ಟು ಎಂದು ದರ. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ ಬೆಳಕಿಗಾಗಿ ಹಸಿವಿರುವುದು ನನಗೆ ಅರ್ಥವಾಗುತ್ತದೆ. ಮೊದಲ ಡಿಸೆಂಬರಿನಲ್ಲಿ ನಾನೇ ಕಿಟಕಿಯ ಬಳಿ ನಿಂತು ಅತ್ತಿದ್ದೇನೆ.

ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದೆ. ಮೊಡವೆಗೆ ಡಾಕ್ಸಿಸೈಕ್ಲಿನ್, ಎರಡು ತಿಂಗಳಿಂದ ಎಂದಳು. ಆಗ ನನ್ನ ಕೈ ನಿಂತಿತು. ಡಾಕ್ಸಿಸೈಕ್ಲಿನ್ ರಕ್ತದಲ್ಲಿದ್ದಾಗ ಚರ್ಮ ನೇರಳಾತೀತ ಬೆಳಕಿಗೆ ಬೇಗ ಕೆರಳುತ್ತದೆ. ಬ್ರಿಟನ್ನಿನಲ್ಲಿ ಇಂಥ ಔಷಧಗಳ ಪೆಟ್ಟಿಗೆಗೆ ಅಂಟಿಸುವ ಎಚ್ಚರಿಕೆಯೊಂದಿದೆ. ಪಟ್ಟಿಯಲ್ಲಿ ಅದರ ನಂಬರು 11. ಮೋಡವಿದ್ದರೂ ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಬೇಕು, ಸನ್‌ಬೆಡ್ ಬಳಸಬಾರದು ಎಂದು ಅದರಲ್ಲಿ ಬರೆದೇ ಇರುತ್ತದೆ. ಕಂಪ್ಯೂಟರಿನಲ್ಲಿ ನೋಡಿದೆ. ಆ ಪೆಟ್ಟಿಗೆ ಹೋದದ್ದು ನಮ್ಮ ಕೌಂಟರಿನಿಂದಲೇ. ಪರಿಶೀಲಿಸಿ ಸಹಿ ಹಾಕಿದವಳು ನಾನೇ. ಲೇಬಲ್ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ಅವಳಿಗೆ ಎಲ್ಲವನ್ನೂ ವಿವರಿಸಿದೆ. ಔಷಧವಿಲ್ಲದಿದ್ದರೂ ಅವಳದು ಆ ಹಾಸಿಗೆಗೆ ಒಗ್ಗುವ ಚರ್ಮವಲ್ಲ. ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು 1975ರಲ್ಲಿ ಆರಂಭಿಸಿದ ವಿಂಗಡಣೆಯಲ್ಲಿ ಈಗ ಆರು ಬಗೆಗಳಿವೆ. ಮೊದಲನೆಯದು ಯಾವಾಗಲೂ ಸುಡುವ, ಎಂದೂ ಕಂದಾಗದ ಚರ್ಮ. ಕೆಂಗೂದಲಿನ, ಚುಕ್ಕಿಗಳ ಮೈಯವರು ಹೆಚ್ಚಾಗಿ ಅದೇ ಬಗೆಯವರು. ಅಂಥವರಿಗೆ ‘ಹೊಸಬರು ಮೂರು ನಿಮಿಷದಿಂದ ಶುರುಮಾಡಿ’ ಎಂಬ ಸಲಹೆಗೆ ಅರ್ಥವೇ ಇಲ್ಲ. ಅವರ ಪಾಲಿಗೆ ಸರಿಯಾದ ನಿಮಿಷಗಳ ಸಂಖ್ಯೆ ಸೊನ್ನೆ.

ಹುಡುಗಿ ಕೇಳಿಸಿಕೊಂಡಳು. ಆಮೇಲೆ ಸಿಟ್ಟಿಲ್ಲದೆ, ಬರೇ ದಣಿವಿನಿಂದ, “ನನ್ನ ಚರ್ಮ ತಾನೇ?” ಎಂದಳು.

ಆ ಮಾತನ್ನು ನಾನು ಮನೆಗೆ ತಂದೆ. ಹಲವು ವಾರ ಅದು ನನ್ನ ಜೊತೆಯೇ ಇತ್ತು. ಕಾನೂನು ಅವಳ ಪರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಸನ್‌ಬೆಡ್ಡುಗಳನ್ನು, ಕ್ಯಾನ್ಸರ್ ತರುವವುಗಳ ಪಟ್ಟಿಯಲ್ಲಿ ತಂಬಾಕು ಇರುವ ಮೊದಲ ಗುಂಪಿಗೇ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಅವನ್ನು ನಿಷೇಧಿಸಿತು. ಬ್ರಿಟನ್ 2010ರಲ್ಲಿ ಮಾಡಿದ ಕಾಯಿದೆ ತಡೆದದ್ದು 18 ತುಂಬದವರನ್ನು ಮಾತ್ರ. ಅಂದರೆ 18ನೇ ಹುಟ್ಟುಹಬ್ಬದ ಬೆಳಗ್ಗೆ ಚರ್ಮದ ಹಕ್ಕುಪತ್ರ ಕೈಗೆ ಬಂದಂತೆ. ಕಾನೂನಿಗೆ ಅದಕ್ಕಿಂತ ಹೆಚ್ಚು ಹೇಳಲಾಗದು ಎಂದು ನಾನು ಒಪ್ಪುತ್ತೇನೆ. ಆದರೆ ‘ನನ್ನ’ ಎಂದರೇನು ಎಂಬ ಪ್ರಶ್ನೆ ಕಾನೂನಿನದಲ್ಲ.

ನಮ್ಮಲ್ಲಿ ಇದಕ್ಕೆ ಹಳೆಯ ಉತ್ತರವಿದೆ. ‘ನನ್ನ ಮನೆ’ ಎನ್ನುವವನು ಮನೆಯಲ್ಲ. ‘ನನ್ನ ದೇಹ’ ಎನ್ನುವವನೂ ದೇಹವಲ್ಲ. ಬ್ರಹ್ಮಸೂತ್ರ ಭಾಷ್ಯದ ಮೊದಲಿಗೇ ಶಂಕರರು, ದೇಹದ ಗುಣಗಳನ್ನು ನಾವು ಆತ್ಮಕ್ಕೆ ಹೇಗೆ ಹಚ್ಚಿಕೊಳ್ಳುತ್ತೇವೆ ಎಂಬುದಕ್ಕೆ ಉದಾಹರಣೆ ಕೊಡುತ್ತಾರೆ. ದಪ್ಪಗಿದ್ದೇನೆ, ತೆಳ್ಳಗಿದ್ದೇನೆ ಎನ್ನುವುದರ ಜೊತೆಯಲ್ಲೇ ಬೆಳ್ಳಗಿದ್ದೇನೆ ಎನ್ನುವುದೂ ಇದೆ. ಅಷ್ಟು ಹಿಂದೆಯೇ ಮೈಬಣ್ಣದ ಮರುಳು ಅವರ ಕಣ್ಣಿಗೆ ಬಿದ್ದಿತ್ತಲ್ಲ ಎಂದು ನನಗೆ ಬೆರಗು. ಆದರೂ ಈ ಉತ್ತರ ನನ್ನನ್ನು ಪೂರ್ತಿ ತೃಪ್ತಿಪಡಿಸುವುದಿಲ್ಲ. ಅದು ‘ನಾನು’ವನ್ನು ಚರ್ಮದಿಂದ ಬಿಡಿಸುತ್ತದೆ. ಬಿಡಿಸಿದ ಮೇಲೆ ಚರ್ಮದ ಗತಿಯೇನು? ನಾನು ಅದಲ್ಲ ಎಂದಾದ ಮೇಲೆ ಅದು ಸುಟ್ಟರೆ ನನಗೇನು ಎಂದೂ ಒಬ್ಬರು ಹೇಳಬಹುದಲ್ಲ?

ನನಗೆ ದಾರಿ ತೋರಿಸಿದ್ದು ಅಜ್ಜಿಯ ಗದ್ದೆ.

ನಮ್ಮ ಮನೆಯವರು ಗೇಣಿ ಒಕ್ಕಲು. ವರ್ಷಕ್ಕೆ 20 ಮುಡಿ ಅಕ್ಕಿ ಧಣಿಗಳ ಮನೆಗೆ ಹೋಗುತ್ತಿತ್ತಂತೆ. ಧಣಿಗಳು ಕೆಟ್ಟವರಲ್ಲ ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಆದರೆ ಅವರು ಒಂದು ಸಲವೂ ಗದ್ದೆಗೆ ಇಳಿದವರಲ್ಲ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಟ್ಟಹುಣಿ ಪ್ರತಿ ಮಳೆಗಾಲ ಕುಸಿಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆದರೂ ಅವರ ಬಾಯಲ್ಲಿ ಅದು ‘ನಮ್ಮ ಗದ್ದೆ’. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಅಜ್ಜ ಡಿಕ್ಲರೇಶನ್ ಕೊಟ್ಟ. ನ್ಯಾಯಮಂಡಳಿಯ ಮುಂದೆ ಓಡಾಡಿ, ಕೊನೆಗೆ ಗದ್ದೆ ಉತ್ತವರ ಹೆಸರಿಗೆ ಬಂತು. ಅಷ್ಟಾದರೂ ನೇಜಿ ನೆಡಲು ಇಳಿಯುವ ಮೊದಲು ಅಜ್ಜಿ ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಬಿಡಲಿಲ್ಲ. ಈಗ ನಮ್ಮದೇ ಅಲ್ಲವಾ ಎಂದು ನಾನು ಕೇಳಿದ್ದಕ್ಕೆ, “ಕಾಲಿಟ್ಟು ತುಳಿಯುವುದಲ್ಲವಾ ಮಗಾ, ಕೇಳಿ ಇಳಿಯಬೇಕು” ಎಂದಿದ್ದಳು.

ಈಗ ಚರ್ಮದ ವಿಷಯಕ್ಕೆ ಬರುತ್ತೇನೆ. ಅಲ್ಲಿ ಉಳುವವರು ಯಾರು?

ನಾನಂತೂ ಅಲ್ಲ. ಹೊರಚರ್ಮ ಸುಮಾರು ನಾಲ್ಕು ವಾರಕ್ಕೊಮ್ಮೆ ತಾನೇ ಹೊಸದಾಗುತ್ತದೆ. ತಳದಲ್ಲಿ ಹುಟ್ಟಿದ ಕೋಶ ಮೇಲೇರುತ್ತ ಗಟ್ಟಿಯಾಗಿ, ಸತ್ತು, ಉದುರುತ್ತದೆ. ಇದಕ್ಕೆ ನಾನು ಒಂದು ದಿನವೂ ಅಪ್ಪಣೆ ಕೊಟ್ಟಿಲ್ಲ. ಆ ತಳದಲ್ಲೇ ಮೆಲನೊಸೈಟ್ ಎಂಬ ಬಣ್ಣದ ಕೋಶಗಳು ಕೂತಿವೆ. ನನ್ನ ಕಪ್ಪು ತೋಳಿನಲ್ಲೂ ಆ ಹುಡುಗಿಯ ಬಿಳಿ ತೋಳಿನಲ್ಲೂ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಅವು ಮಾಡುವ ಬಣ್ಣದ ಪ್ರಮಾಣದಲ್ಲಿ, ಬಗೆಯಲ್ಲಿ. ನೇರಳಾತೀತ ಬೆಳಕು ಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಪೆಟ್ಟು ತಿಂದ ಕೋಶ ಸುದ್ದಿ ಕಳಿಸುತ್ತದೆ. ಮೆಲನೊಸೈಟು ಬಣ್ಣದ ಕಣಗಳನ್ನು ತಯಾರಿಸಿ, ತನ್ನ ಕೈಗಳಂಥ ಚಾಚುಗಳ ಮೂಲಕ ಸುತ್ತಲಿನ ಕೋಶಗಳಿಗೆ ದಾಟಿಸುತ್ತದೆ. ಕಣಗಳು ಹೋಗಿ ಕೋಶಕೇಂದ್ರದ ಮೇಲೆ, ಬೆಳಕು ಬರುವ ಕಡೆಗೆ, ಟೋಪಿಯ ಹಾಗೆ ಕೂರುತ್ತವೆ. ಮೊದಲ ಸಲ ಪಠ್ಯಪುಸ್ತಕದಲ್ಲಿ ಆ ಚಿತ್ರ ನೋಡಿದಾಗ ನನಗೆ ಕಂಡದ್ದು ಗೊರಬು. ಆಷಾಢದ ಮಳೆಯಲ್ಲಿ ಬಗ್ಗಿ ನೇಜಿ ನೆಡುವ ಹೆಂಗಸರ ಸಾಲು, ಪ್ರತಿಯೊಬ್ಬಳ ತಲೆ ಬೆನ್ನಿನ ಮೇಲೂ ಒಂದೊಂದು ಗೊರಬು.

ನಾವು ಟ್ಯಾನ್ ಎಂದು ಕರೆದು ದುಡ್ಡು ಕೊಟ್ಟು ಪಡೆಯುವ ಬಣ್ಣ ಈ ಗೊರಬಿನ ಬಣ್ಣ. ಬೀಜ ಕೊಳೆಯದಿರಲೆಂದು, ಪೆಟ್ಟು ಬಿದ್ದ ಮೇಲೆ, ಗದ್ದೆಯಲ್ಲಿರುವವರು ಅವಸರದಲ್ಲಿ ಹೊದ್ದುಕೊಂಡದ್ದು. ದಂಡೆಯ ಮೇಲೆ ನಿಂತ ಧಣಿಗೆ ಅದು ಚೆಂದ ಕಾಣಿಸುತ್ತದೆ, ಇನ್ನಷ್ಟು ಮಳೆ ಸುರಿಸಿ ಎನ್ನುತ್ತಾನೆ. ಅದರಲ್ಲೂ ಸನ್‌ಬೆಡ್ಡುಗಳ ಬೆಳಕು ಬಹುಪಾಲು ಯುವಿ-ಎ. ಅದು ಇದ್ದ ಮೆಲನಿನ್ನನ್ನೇ ಕಪ್ಪಾಗಿಸುತ್ತದೆ, ಹೊಸದನ್ನು ಮಾಡಿಸುವುದು ಕಡಿಮೆ, ಆದರೆ ಚರ್ಮದ ಆಳಕ್ಕೆ ಇಳಿಯುತ್ತದೆ. ಬಣ್ಣ ಬಂತು, ನೆರಳು ಬರಲಿಲ್ಲ. ಕೆಂಗೂದಲಿನವರಲ್ಲಿ, ಪೆಟ್ಟು ತಿಂದ ಕೋಶ ಕಳಿಸುವ ಸುದ್ದಿಯನ್ನು ಕೇಳಿಸಿಕೊಳ್ಳುವ ಕಿವಿಯೇ ಜನ್ಮತಃ ಮಂದ. ಅವರ ಕೋಶಗಳು ಕೆಂಪು-ಹಳದಿ ಛಾಯೆಯ ಬೇರೆ ಮೆಲನಿನ್ ಮಾಡುತ್ತವೆ, ಅದು ಬೆಳಕನ್ನು ಅಷ್ಟಾಗಿ ತಡೆಯದು. ಹಾಗಾಗಿ ಅವರ ಒಕ್ಕಲು ಗೊರಬಿಲ್ಲದೆಯೇ ನೆನೆಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಲಕಿತು. ನೇರಳಾತೀತ ಬೆಳಕು ಬಿದ್ದಾಗ ಚರ್ಮ ಬೀಟಾ-ಎಂಡಾರ್ಫಿನ್ ಎಂಬ ನೋವು ಶಮನಿಸುವ ರಾಸಾಯನಿಕವನ್ನೂ ಮಾಡುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಲಿಗಳಿಗೆ ದಿನವೂ ಆ ಬೆಳಕು ಹಾಯಿಸಿ, ಆಮೇಲೆ ಅಫೀಮಿನ ಪರಿಣಾಮ ತಡೆಯುವ ಔಷಧ ಕೊಟ್ಟಾಗ, ಅವು ಚಟ ಬಿಟ್ಟವರ ಹಾಗೆ ನಡುಗಿದವು. ಸನ್‌ಬೆಡ್ಡಿನಿಂದ ಎದ್ದಾಗ ಹಾಯೆನಿಸುತ್ತದೆ ಎಂದು ಇಲ್ಲಿನವರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಪೆಟ್ಟು ತಿಂದದ್ದೂ ಚರ್ಮವೇ, ಪೆಟ್ಟು ಕೊಟ್ಟವರನ್ನು ಸಮಾಧಾನ ಮಾಡುವುದೂ ಅದೇ. ಜ್ವರದಲ್ಲೂ ಎದ್ದು ಗಂಜಿ ಕಾಯಿಸುತ್ತಿದ್ದ ಅಜ್ಜಿ ನನಗೆ ನೆನಪಾಗುತ್ತಾಳೆ.

ಬೆಳಕೇ ಪಾಪ ಎಂದು ನಾನು ಹೇಳುತ್ತಿಲ್ಲ. ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿಮಾಡಿದ್ದಕ್ಕೆ ನೀಲ್ಸ್ ಫಿನ್ಸೆನ್ನರಿಗೆ 1903ರಲ್ಲಿ ನೊಬೆಲ್ ಬಂತು. ಇಂದಿಗೂ ಆಸ್ಪತ್ರೆಗಳಲ್ಲಿ ಸೋರಿಯಾಸಿಸ್ಸಿಗೆ ಯುವಿ-ಬಿ ಬೆಳಕಿನ ಚಿಕಿತ್ಸೆ ಇದೆ. ಅಲ್ಲಿ ಪ್ರತಿ ಸಲದ ಅಳತೆಯನ್ನೂ ಬರೆದಿಡುತ್ತಾರೆ, ಹಿಂದಿನ ಸಲ ಚರ್ಮ ಕೆಂಪಾಯಿತೇ ಎಂದು ನೋಡಿ ಮುಂದಿನದನ್ನು ನಿರ್ಧರಿಸುತ್ತಾರೆ. ಅದು ಕೇಳಿ ಇಳಿಯುವುದು.

ಹುಡುಗಿಯ ಮೇಲೆ ತೀರ್ಪು ಕೊಡುವ ಯೋಗ್ಯತೆ ನನಗಿದೆಯೇ ಎಂದೂ ಯೋಚಿಸಿದೆ. ನನ್ನ ಮೈಗೆ ಅಮ್ಮ ಕಡಲೆಹಿಟ್ಟು, ಅರಿಶಿನ, ಕೆನೆ ಹಚ್ಚಿ ಉಜ್ಜುತ್ತಿದ್ದಳು. ಹತ್ತನೇ ತರಗತಿಯಲ್ಲಿ ಬಿಳಿಮಾಡುವ ಕ್ರೀಮಿನ ಟ್ಯೂಬು ಬಂತು. ಚಿಕ್ಕಮ್ಮ ಬಸುರಿಯಾದಾಗ ಮಗು ಬೆಳ್ಳಗಾಗಲೆಂದು ಹಾಲಿಗೆ ಕೇಸರಿ ಹಾಕಿ ಕುಡಿಸಿದರು. ಹೆಣ್ಣು ನೋಡಲು ಬಂದವರ ಮನೆಯಿಂದ ‘ಹುಡುಗಿ ಬಣ್ಣ ಸ್ವಲ್ಪ ಕಡಿಮೆ’ ಎಂಬ ಮಾತು ಬಂದ ರಾತ್ರಿ ನಾನು ಮೊಣಕೈ ಉರಿಯುವವರೆಗೆ ತಿಕ್ಕಿಕೊಂಡದ್ದಿದೆ. ಅಮ್ಮನನ್ನು ನಾನು ದೂರುವುದಿಲ್ಲ. ಅವಳಿಗೆ ನನ್ನ ಮದುವೆಯ ಹೆದರಿಕೆ. ಆದರೆ ಆ ಕೌಂಟರಿನ ಮೇಲಿದ್ದ ಕೆಂಪು ತೋಳನ್ನು ನೋಡಿದಾಗ ನನ್ನ ಮೊಣಕೈ ಉರಿದದ್ದು ನಿಜ.

ಹಾಗಾದರೆ ಅಲಂಕಾರವೇ ತಪ್ಪೇ? ಅಲ್ಲಿ ನನಗೆ ನಮ್ಮೂರ ಗೊಮ್ಮಟ ಎದುರಾಗುತ್ತಾನೆ. 1432ರಲ್ಲಿ ಬೆಟ್ಟದ ಮೇಲೆ ನಿಲ್ಲಿಸಿದ, ಸುಮಾರು 42 ಅಡಿಯ ಕಲ್ಲಿನ ಮೈ. ಬಟ್ಟೆಯಿಲ್ಲ, ಸೂರಿಲ್ಲ, ಕರಾವಳಿಯ ಅಷ್ಟೂ ಬಿಸಿಲು, ಅಷ್ಟೂ ಮಳೆ ಅವನ ಚರ್ಮದ ಮೇಲೆ. ಅವನು ನಿಂತ ಭಂಗಿಗೆ ಜೈನರು ಕಾಯೋತ್ಸರ್ಗ ಎನ್ನುತ್ತಾರೆ, ದೇಹದ ಮೇಲಿನ ‘ನನ್ನದು’ ಎಂಬುದನ್ನು ಬಿಟ್ಟು ನಿಲ್ಲುವುದು. ಬಳ್ಳಿ ಹಬ್ಬಿತು, ಅವನು ಕಿತ್ತೊಗೆಯಲಿಲ್ಲ. ಚಿಕ್ಕವಳಿದ್ದಾಗ ನೋಡಿದ ಮಸ್ತಕಾಭಿಷೇಕ ಕಣ್ಣಿಗೆ ಕಟ್ಟಿದೆ. ಹಾಲು ಸುರಿದಾಗ ಬೆಳ್ಳಗಾದ, ಅರಿಶಿನಕ್ಕೆ ಹಳದಿಯಾದ, ಚಂದನಕ್ಕೆ ಕೆಂಪಾದ. ಪ್ರತಿ ಬಣ್ಣಕ್ಕೂ ಜನ ಕೂಗಿದರು. ಆಮೇಲೆ ನೀರು ಬಿತ್ತು, ಕಲ್ಲು ತನ್ನ ಬಣ್ಣಕ್ಕೆ ಬಂತು. ದೇಹವನ್ನು ತೊರೆದು ನಿಂತವನ ಮೈಮೇಲೇ ಅಷ್ಟು ಬಣ್ಣಗಳ ಹಬ್ಬವಾಗಬಹುದಾದರೆ, ಬಣ್ಣ ಬಯಸುವುದರಲ್ಲಿ ಪಾಪವಿದೆ ಎಂದು ನಾನು ಹೇಗೆ ಹೇಳಲಿ? ಮೇಲೆ ಹಚ್ಚುವುದು ಬೇರೆ, ಒಳಗಿನವರಿಂದ ಹಿಂಡಿ ತೆಗೆಯುವುದು ಬೇರೆ.

ಆ ಸಂಜೆ ಇಷ್ಟೆಲ್ಲ ಹೊಳೆದಿರಲಿಲ್ಲ. ಇಂಥ ಸುಟ್ಟಗಾಯಕ್ಕೆ ಹೈಡ್ರೋಕಾರ್ಟಿಸೋನನ್ನು ಕೌಂಟರಿನಲ್ಲಿ ಮಾರುವಂತಿಲ್ಲ, ಮಾರಲಿಲ್ಲ. ತಣ್ಣೀರ ಬಟ್ಟೆ, ಪರಿಮಳವಿಲ್ಲದ ಲೇಪ, ಸಡಿಲ ಅಂಗಿ. ಗುಳ್ಳೆ ಒಡೆದರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರು. ಮಾತ್ರೆಯ ಬಗ್ಗೆ ನಾಳೆಯೇ ಅವರನ್ನು ಕೇಳು ಎಂದೆ. ಗಾಯ ಪೂರ್ತಿ ಮಾಗಿದ ಮೇಲೆ ಬಣ್ಣ ಬೇಕೇಬೇಕೆನಿಸಿದರೆ ಹಚ್ಚಿಕೊಳ್ಳುವ ಟ್ಯಾನ್ ಇದೆ ಎಂದೂ ಹೇಳಿದೆ. ಅದರೊಳಗಿನ ಡಿಎಚ್‌ಎ ಒಂದು ಬಗೆಯ ಸಕ್ಕರೆ. ಚರ್ಮದ ಮೇಲ್ಪದರದ ಸತ್ತ ಕೋಶಗಳೊಂದಿಗೆ ಕೂಡಿ ಕಂದಾಗುತ್ತದೆ, ಕಾವಲಿಯ ಮೇಲೆ ದೋಸೆ ಕೆಂಪಾಗುವುದೂ ಅದೇ ಬಗೆಯ ಕ್ರಿಯೆಯಿಂದ. ವಾರದೊಳಗೆ ಆ ಕೋಶಗಳು ಉದುರುತ್ತವೆ, ಬಣ್ಣವೂ ಹೋಗುತ್ತದೆ. ಮೊದಲು ಒಳತೋಳಿನಲ್ಲಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಒಂದು ದಿನ ಕಾಯಬೇಕು. ಕೆರಳುವ ಚರ್ಮದವರು ಸುವಾಸನೆ ಬೆರೆತದ್ದನ್ನು ಮುಟ್ಟಬಾರದು. ಬಿಸಿಲಿಗೆ ಅದು ರಕ್ಷಣೆಯಲ್ಲ, ಸನ್‌ಸ್ಕ್ರೀನ್ ಬೇರೆಯೇ ಬೇಕು.

ಲೇಬಲ್ಲಿನ ವಿಷಯವನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು ಅಚ್ಚರಿಯಿಂದ ನೋಡಿದಳು. ಈಗ ಡಾಕ್ಸಿಸೈಕ್ಲಿನ್ ಕೊಡುವಾಗಲೆಲ್ಲ ಆ 11ನೇ ಎಚ್ಚರಿಕೆಯ ಕೆಳಗೆ ಬೆರಳಿಟ್ಟು ಓದಿ ಹೇಳುತ್ತೇನೆ, ಹಿಂದೆ ಸಾಲಿದ್ದರೂ.

ಐದು ವಾರದ ನಂತರ ಬಂದಳು. ಮದುವೆಗೆ ಉದ್ದ ತೋಳಿನ ಜಾಕೆಟ್ ಹಾಕಿಕೊಂಡಿದ್ದಳಂತೆ, ಅಕ್ಕ ಬೇಸರಪಟ್ಟುಕೊಳ್ಳಲಿಲ್ಲವಂತೆ. ತೋಳು ತೋರಿಸಿದಳು. ಸುಟ್ಟ ಪದರ ಪೂರ್ತಿ ಸುಲಿದು ಹೋಗಿ ಹೊಸ ಚರ್ಮ ಬಂದಿತ್ತು, ಮೊದಲಿನಷ್ಟೇ ಬೆಳ್ಳಗೆ.

“ಚುಕ್ಕಿಗಳೂ ಇದ್ದಲ್ಲೇ ಇವೆ ನೋಡಿ,” ಎಂದಳು. ಹೆಬ್ಬೆರಳಿನಿಂದ ಒಂದನ್ನು ಮುಟ್ಟಿದಳು, ಮೆತ್ತಗೆ.