ಪೂಜೆಯ ಹೊತ್ತು ಯಾರದು?

ಪ್ರಶ್ನೆ: ಎಂಟು ತಿಂಗಳಿಂದ ದಿನಾ ನಾಲ್ಕಕ್ಕೆ ಎದ್ದು ಏಳೂವರೆವರೆಗೆ ಜಪ, ಪೂಜೆ, ಪಾರಾಯಣ ಮಾಡುತ್ತಿದ್ದೇನೆ. ಒಂಬತ್ತಕ್ಕೆ ಆಫೀಸು. ಮನೆಯಲ್ಲಿ ವಯಸ್ಸಾದ ತಂದೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಹೆಂಡತಿ ಗೊಣಗುತ್ತಾಳೆ. ಇದರಿಂದ ಪೂಜಾಫಲಕ್ಕೆ ಲೋಪವೇ? ಶಾಸ್ತ್ರೋಕ್ತವಾದ ದಿನಚರಿ ತಿಳಿಸಿ.
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಶ್ರದ್ಧೆ ದೊಡ್ಡದು. ಈ ಕಾಲದಲ್ಲಿ ಅಷ್ಟು ಬೇಗ ಎದ್ದು ಆಚಮನ ಮಾಡುವವರು ಎಷ್ಟು ಜನ ಸಿಗ್ತಾರೆ? ಆದರೆ ನೀವು ಕೂತಿರುವ ಆ ಮೂರೂವರೆ ಗಂಟೆ ನಿಮ್ಮ ಮನೆಯವರು ಏನು ಮಾಡುತ್ತಿರುತ್ತಾರೆ ಅಂತ ಕಾಗದದಲ್ಲಿ ಬರೆದಿಲ್ಲ. ನಾನು ಊಹಿಸಬಲ್ಲೆ. ಪೂಜೆಗೆ ಹೂವು, ನೈವೇದ್ಯಕ್ಕೆ ಅನ್ನ, ಮಕ್ಕಳ ಡಬ್ಬಿ, ಮಾವನವರ ಮಾತ್ರೆ, ಸ್ಕೂಲ್ ವ್ಯಾನು. ಅವರೂ ನಿಮ್ಮ ಜೊತೆಗೇ ಎದ್ದಿರುತ್ತಾರೆ. ಅದನ್ನು ಮಾತ್ರ ಯಾರೂ ಅನುಷ್ಠಾನ ಅನ್ನೋದಿಲ್ಲ.

ಮೊದಲು ಕಾಲದ ಲೆಕ್ಕ ಹೇಳ್ತೀನಿ. ಮುಹೂರ್ತ ಅಂದರೆ ಎರಡು ಘಳಿಗೆ, 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಮುಂಚೆ ಮುಗಿಯುವುದು ಬ್ರಾಹ್ಮೀ ಮುಹೂರ್ತ. ಬೆಂಗಳೂರಿನಲ್ಲಿ ಜೂನ್ ಮೊದಲಲ್ಲಿ ಸೂರ್ಯೋದಯ ಸುಮಾರು 5.53ಕ್ಕೆ, ಜನವರಿ ಕೊನೆಗೆ ಸುಮಾರು 6.46ಕ್ಕೆ. ಅಂದಮೇಲೆ ಚಳಿಗಾಲದಲ್ಲಿ ಐದೂ ಹತ್ತಕ್ಕೆ ಎದ್ದರೂ ಆ ಮುಹೂರ್ತ ಸಿಗುತ್ತದೆ. ವರ್ಷಪೂರ್ತಿ ನಾಲ್ಕರ ಅಲಾರಂ ಯಾವ ಶಾಸ್ತ್ರದಲ್ಲೂ ಇಲ್ಲ.

ಗೃಹಸ್ಥನ ದಿನಚರಿಗೆ ದಕ್ಷಸ್ಮೃತಿ ಹಗಲನ್ನು ಎಂಟು ಭಾಗ ಮಾಡುತ್ತದೆ, ಒಂದೊಂದೂ ಸುಮಾರು ಒಂದೂವರೆ ಗಂಟೆ. ದೇವರ ಕಾರ್ಯ ಮೊದಲ ಭಾಗಕ್ಕೆ, ವೇದಾಭ್ಯಾಸ ಎರಡಕ್ಕೆ. ಮೂರನೆಯ ಭಾಗ ಪೋಷ್ಯವರ್ಗಕ್ಕಾಗಿ ಸಂಪಾದನೆಗೆ. ಯಾರು ಈ ಪೋಷ್ಯವರ್ಗ? ತಾಯಿ, ತಂದೆ, ಗುರು, ಹೆಂಡತಿ, ಮಕ್ಕಳು, ದೀನರು, ಆಶ್ರಿತರು, ಅತಿಥಿ, ಕೊನೆಗೆ ಅಗ್ನಿ ಕೂಡ. ಮುದುಕ ತಂದೆಯನ್ನೂ ಅಗ್ನಿಯನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿದ್ದಾರೆ, ನೋಡಿ. ಪಾಠಶಾಲೆಯಲ್ಲಿ ಇದನ್ನು ನಾವು ಬಾಯಿಪಾಠ ಮಾಡಿದ್ದೆವು. ಅರ್ಥ ನನಗೆ ತಲೆಗೆ ಹತ್ತಿದ್ದು ತೀರಾ ತಡವಾಗಿ.

ನನಗಾಗ ನಲವತ್ತು ದಾಟಿತ್ತು. ಬೆಳಿಗ್ಗೆ ಸಹಸ್ರ ಗಾಯತ್ರಿ, ಮುಗಿಯುವವರೆಗೆ ಮೌನ. ಒಂದು ದಿನ ಒಳಕೋಣೆಯಿಂದ ಅಮ್ಮ ನೀರು ಕೇಳಿದರು. ಮನೆಯವಳು ತವರಿಗೆ ಹೋಗಿದ್ದಳು. ನಾನು ತಾಳಿ ಅಂತ ಕೈಸನ್ನೆ ಮಾಡಿದೆ. ಗೋಡೆಯಾಚೆ ಇರುವವರಿಗೆ ಸನ್ನೆ ಹೇಗೆ ಕಾಣಬೇಕು! ಎರಡು ಸಲ ಕರೆದು, ಅವರೇ ಎದ್ದು ಹೊರಟು ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ನಡೆಯಲಿಲ್ಲ. ಜಪದ ಸಂಖ್ಯೆ ಆರುನೂರ ಚಿಲ್ಲರೆಯಲ್ಲಿತ್ತು ಅನ್ನೋದು ನನಗೆ ಇವತ್ತಿಗೂ ನೆನಪಿದೆ. ಅಮ್ಮ ಮಾತ್ರ ಒಂದು ದಿನವೂ ಆ ಮಾತು ಎತ್ತಲಿಲ್ಲ.

ಹಾಗಂತ ಪೂಜೆ ಬಿಡಿ ಅನ್ನುತ್ತಿಲ್ಲ. ಸಂಧ್ಯೆಯಲ್ಲಿ ಗಾಯತ್ರಿ ಸಾವಿರ ಉತ್ತಮ, ನೂರು ಮಧ್ಯಮ, ಹತ್ತಾದರೂ ಆಗಬೇಕು ಅಂತ ಹಿರಿಯರೇ ಅವಕಾಶ ಇಟ್ಟಿದ್ದಾರೆ. ಕಾಲ ಮೀರಿದರೆ ಒಂದು ಪ್ರಾಯಶ್ಚಿತ್ತಾರ್ಘ್ಯ ಹೆಚ್ಚಿಗೆ ಕೊಟ್ಟು ಮುಂದುವರಿಯಬಹುದು. ತಂದೆಯವರ ಮಾತ್ರೆಯ ಹೊತ್ತು ಮೀರಿದರೆ ಅಂಥ ಅರ್ಘ್ಯ ಇಲ್ಲ.

ಇನ್ನು ಗೊಣಗಾಟ. ಸಂಕಲ್ಪದಲ್ಲಿ ದಿನಾ 'ಸಹಕುಟುಂಬಾನಾಂ' ಅಂತೀರಲ್ಲ, ಆ ಕುಟುಂಬವೇ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದೆ. ಫಲಲೋಪದ ಯೋಚನೆ ಬಿಟ್ಟು, ಅವರು ಏನಂತಾರೆ ಕೇಳಿಸಿಕೊಳ್ಳಿ.

ನಾಳೆಯಿಂದ ಹೀಗೆ ಮಾಡಿ. ಸ್ನಾನವಾದ ಮೇಲೆ ಸಂಧ್ಯಾವಂದನೆ, 108 ಗಾಯತ್ರಿ, ಸಂಕ್ಷಿಪ್ತ ಪೂಜೆ. ಎಲ್ಲ ಸೇರಿ ಒಂದು ಗಂಟೆ ಸಾಕು. ಹೂವು ನೀವೇ ಬಿಡಿಸಿ, ಪಂಚಪಾತ್ರೆ ಉದ್ಧರಣೆ ನೀವೇ ತೊಳೆಯಿರಿ. ಬೆಳಗಿನ ನೈವೇದ್ಯಕ್ಕೆ ಹಾಲು-ಸಕ್ಕರೆಯೋ ಬಾಳೆಹಣ್ಣೋ ಆದೀತು. ಆಮೇಲೆ ತಂದೆಯವರ ಮಾತ್ರೆ, ಮಕ್ಕಳ ಸ್ನಾನ ನಿಮ್ಮ ಪಾಲಿಗೆ. ಪಾರಾಯಣ ಸಂಜೆಗಿಡಿ. ಇತಿಹಾಸ ಪುರಾಣಗಳಿಗೆ ಆ ಸ್ಮೃತಿಯೂ ಮಧ್ಯಾಹ್ನದ ನಂತರದ ಭಾಗಗಳನ್ನೇ ಹೇಳಿದೆ. ತಂದೆಯವರ ಮಂಚದ ಪಕ್ಕ ಕೂತು ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ಭಾನುವಾರ ಸಹಸ್ರ ಜಪ ಬೇಕೆನಿಸಿದರೆ ಇಟ್ಟುಕೊಳ್ಳಿ, ಆದರೆ ಯಾವ ಹೊತ್ತು ಅನುಕೂಲ ಅಂತ ಶನಿವಾರ ರಾತ್ರಿಯೇ ಮನೆಯವರನ್ನು ಕೇಳಿರಿ.