ಏನೂ ಆಗಲಿಲ್ಲವಲ್ಲ!

ತಪ್ಪನ್ನು ಸಮರ್ಥಿಸಿಕೊಳ್ಳಲು ಲೋಕದಲ್ಲಿ ಜನರು ಹೂಡುವ ವಾದಗಳು ನೂರಾರು. ಅವುಗಳಲ್ಲೆಲ್ಲ ಅತ್ಯಂತ ಚಿಕ್ಕದೂ ಅತ್ಯಂತ ಬಲವಾದುದೂ ಆದ ವಾದವೊಂದಿದೆ: “ಏನೂ ಆಗಲಿಲ್ಲವಲ್ಲ!” ಹೆಲ್ಮೆಟ್ಟಿಲ್ಲದೆ ಸ್ಕೂಟರ್ ಓಡಿಸಿದವನು ಹೇಳುವುದು ಇದನ್ನೇ, ಸವೆದ ವಿದ್ಯುತ್ ತಂತಿಗೆ ಬಟ್ಟೆ ಸುತ್ತಿ ಕೆಲಸ ಸಾಗಿಸಿದವನು ಹೇಳುವುದೂ ಇದನ್ನೇ. ಕೇಳಿದವರು ಸುಮ್ಮನಾಗುತ್ತಾರೆ. ಕೇಡು ಕಣ್ಣ ಮುಂದೆ ಇಲ್ಲದಿರುವಾಗ ಯಾರನ್ನು, ಯಾವುದಕ್ಕಾಗಿ ಆಕ್ಷೇಪಿಸುವುದು?

ಈ ವಾದದ ತೂಕವನ್ನು ನೋಡಬೇಕಾದರೆ ದೊಡ್ಡ ದೊಡ್ಡ ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ಶೀತಲಯಂತ್ರದ ಕೋಣೆಯೊಂದನ್ನು ಹೊಕ್ಕರೆ ಸಾಕು. ನಮ್ಮ ಮನೆಬಾಗಿಲಿಗೆ ಬೆಳಗ್ಗೆ ಬರುವ ಹಾಲು, ಮಾರುಕಟ್ಟೆಯ ಮೀನು, ಹಬ್ಬದ ದಿನದ ಐಸ್‌ಕ್ರೀಮು—ಇವುಗಳ ಹಿಂದೆಲ್ಲ ಇಂಥ ಕೋಣೆಯೊಂದು ಇರುತ್ತದೆ. ದೊಡ್ಡ ಡೈರಿಗಳಲ್ಲಿ, ಐಸ್ ಕಾರ್ಖಾನೆಗಳಲ್ಲಿ ತಂಪನ್ನು ಹೊತ್ತು ತರುವ ವಸ್ತು ಸಾಮಾನ್ಯವಾಗಿ ಅಮೋನಿಯ. ತೆರೆದ ಗಾಳಿಯ ಒತ್ತಡದಲ್ಲಿ ಅದು ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯುತ್ತದೆ. ಕುದಿಯುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಚಿಲ್ಲರಿನ ಕೊಳವೆಗಳ ಒಂದು ಪಕ್ಕದಲ್ಲಿ ಅಮೋನಿಯ, ಇನ್ನೊಂದು ಪಕ್ಕದಲ್ಲಿ ನೀರು ಅಥವಾ ಉಪ್ಪುನೀರು. ನಡುವೆ ತೆಳ್ಳನೆಯ ಲೋಹದ ಗೋಡೆ. ಇಷ್ಟೇ ಅದರ ಗುಟ್ಟು. ಆದರೆ ಇದೇ ಅಮೋನಿಯ ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು ಬೆರೆತರೆ ಪ್ರಾಣಕ್ಕೆ ಅಪಾಯವೆಂದು ತಜ್ಞರು ಗೆರೆ ಎಳೆದಿದ್ದಾರೆ.

ಇಂಥ ಯಂತ್ರವನ್ನು ಮೊದಲ ಸಲ ಚಾಲನೆ ಮಾಡುವುದಕ್ಕೆ ಒಂದು ಕ್ರಮವಿದೆ. ಒಣ ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೆಯೋ ಎಂದು ಗಂಟೆಗಟ್ಟಲೆ ಕಾಯಬೇಕು. ಆಮ್ಲಜನಕವನ್ನು ಮಾತ್ರ ಅದರ ಬದಲಿಗೆ ತುಂಬಕೂಡದು. ಅದು ಯಂತ್ರದ ಎಣ್ಣೆಯೊಡನೆ ಸೇರಿದರೆ ಸ್ಫೋಟವೇ ಆದೀತು. ಆಮೇಲೆ ಒಳಗಿನ ಗಾಳಿಯನ್ನೂ ತೇವವನ್ನೂ ಹೊರಗೆಳೆಯಬೇಕು. ನೀರಿನ ಹರಿವು ನಿಂತರೆ ಯಂತ್ರ ತಾನಾಗಿ ನಿಲ್ಲುತ್ತದೆಯೇ ಎಂಬುದನ್ನು ನೀರನ್ನು ನಿಜವಾಗಿಯೂ ನಿಲ್ಲಿಸಿಯೇ ನೋಡಬೇಕು. ಇಲ್ಲವಾದರೆ ಒಂದು ದಿನ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ ಲೋಹವನ್ನೇ ಸೀಳೀತು. ದುರಸ್ತಿಯ ಕಾಲದಲ್ಲಿ ಮುಚ್ಚಿದ ಎರಡು ವಾಲ್ವುಗಳ ನಡುವೆ ದ್ರವ ಅಮೋನಿಯ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಬಿಸಿಯೇರಿದರೆ ಹಿಗ್ಗಲು ಎಡೆಯಿಲ್ಲದೆ ಅದು ಕೊಳವೆಯನ್ನು ಒಡೆಯುತ್ತದೆ. ಇನ್ನೊಬ್ಬರು ತಿಳಿಯದೆ ಸ್ವಿಚ್ಚು ಹಾಕದಂತೆ ಬೀಗ ಹಾಕಿ ಚೀಟಿ ಕಟ್ಟಬೇಕು. ಇವುಗಳಲ್ಲಿ ಯಾವುದೂ ಹಾಲನ್ನು ತಂಪು ಮಾಡುವುದಿಲ್ಲ. ಎಲ್ಲವೂ ಬಾರದಿರುವ ಒಂದು ಕೇಡಿಗಾಗಿ ಮಾಡತಕ್ಕ ಕೆಲಸ.

ಅಲ್ಲಿರುವ ಒಂದು ವಾಲ್ವಿನ ಮಾತನ್ನು ಹೇಳಬೇಕು. ಅಮೋನಿಯ ಯಂತ್ರದ ಎಣ್ಣೆಯನ್ನು ಹೊರಗೆ ತೆಗೆಯುವುದು ಬಹು ಅಪಾಯದ ಕೆಲಸ. ಎಣ್ಣೆಯ ಬೆನ್ನಿಗೆ ಅಮೋನಿಯವೂ ನುಗ್ಗಿಬಿಡಬಹುದು. ಆದುದರಿಂದ ಅಲ್ಲಿ ಸ್ಪ್ರಿಂಗಿನ ವಾಲ್ವೊಂದನ್ನು ಇಟ್ಟಿರುತ್ತಾರೆ. ಕೈಯಿಂದ ಅದುಮಿ ಹಿಡಿದಿರುವ ತನಕ ಅದು ತೆರೆದಿರುತ್ತದೆ. ಕೈ ಬಿಟ್ಟೊಡನೆ ಮುಚ್ಚಿಕೊಳ್ಳುತ್ತದೆ. ಮನುಷ್ಯ ಮೂರ್ಛೆ ಹೋದರೂ, ಓಡಿಹೋದರೂ ವಾಲ್ವು ತನ್ನ ಧರ್ಮವನ್ನು ಬಿಡದು. ಈಗ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳೋಣ. ಎಣ್ಣೆ ನಿಧಾನವಾಗಿ ಇಳಿಯುತ್ತಿದೆ, ಕೈ ನೋಯುತ್ತಿದೆ, ಬೇರೆ ಕೆಲಸ ಕಾದಿದೆ. ಆತ ಒಂದು ತುಂಡು ತಂತಿಯಿಂದ ವಾಲ್ವಿನ ಹಿಡಿಯನ್ನು ಬಿಗಿದು ಆಚೆಗೆ ಹೋಗುತ್ತಾನೆ. ಹತ್ತು ನಿಮಿಷದ ಮೇಲೆ ಬಂದು ತಂತಿ ಬಿಚ್ಚುತ್ತಾನೆ. ಏನೂ ಆಗಲಿಲ್ಲ. ಪುಸ್ತಕದಲ್ಲಿ ‘ಕ್ರಮಪ್ರಕಾರ ಮಾಡಲಾಯಿತು’ ಎಂದು ಬರೆದು ರುಜು ಹಾಕುತ್ತಾನೆ. ಈತ ತಪ್ಪು ಮಾಡಿದನೆ?

ಫಲವನ್ನು ನೋಡಿ ತೀರ್ಪು ಕೊಡುವವರು ಇಲ್ಲವೆನ್ನುತ್ತಾರೆ. ಆದರೆ ಇದೇ ತಂತಿ ಬಿಗಿದ ಇನ್ನೊಬ್ಬನ ಕೋಣೆಯಲ್ಲಿ ಅಮೋನಿಯ ಹೊರನುಗ್ಗಿ ಒಬ್ಬರು ಸತ್ತರೆ ಅವನನ್ನು ಅಪರಾಧಿಯೆಂದು ಇವರೇ ಕರೆಯುತ್ತಾರೆ. ಇಬ್ಬರ ಕೈಯೂ ಒಂದೇ, ತಂತಿಯೂ ಒಂದೇ, ಮನಸ್ಸೂ ಒಂದೇ. ಬೇರೆಯಾದದ್ದು ಅದೃಷ್ಟ ಮಾತ್ರ. ಅದೃಷ್ಟ ಒಳ್ಳೆಯದಿದ್ದವನು ಒಳ್ಳೆಯವನೆಂದಾದರೆ ನೀತಿಗೂ ಲಾಟರಿಗೂ ಭೇದವೇನು ಉಳಿಯಿತು?

ಕೆನಡದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಫರ್ನಿ ಎಂಬ ಊರಿನಲ್ಲಿ ಪೌರಸಭೆಯ ಒಂದು ಹಿಮಕ್ರೀಡಾಂಗಣವಿದೆ. 2017ರ ಅಕ್ಟೋಬರ್ 17ರಂದು ಅಲ್ಲಿ ಅಮೋನಿಯ ಸೋರಿ ಮೂವರು ಕೆಲಸಗಾರರು ಸತ್ತರು; ನೆರೆಯ ಮನೆಗಳ ಜನ ಮನೆ ಬಿಟ್ಟು ಹೋಗಬೇಕಾಯಿತು. ಹಳೆಯದಾಗಿದ್ದ ಚಿಲ್ಲರಿನ ಕೊಳವೆಯೊಂದರಲ್ಲಿ ಸಣ್ಣ ತೂತು ಬಿದ್ದು ಅಮೋನಿಯ ಉಪ್ಪುನೀರಿಗೆ ಸೇರುತ್ತಿತ್ತೆಂದು ಪ್ರಾಂತದ ಸುರಕ್ಷತಾ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಸೋರಿಕೆಯ ಸುಳಿವು ಮೊದಲೇ ದೊರೆತಿತ್ತು; ಆದರೂ ಋತುವಿನ ಆರಂಭದಲ್ಲಿ ಯಂತ್ರವನ್ನು ಮತ್ತೆ ಚಾಲನೆ ಮಾಡಲಾಯಿತು. ಒತ್ತಡವೇರಿ ಕೊಳವೆಯ ಜೋಡಣೆಯೊಂದು ಕಳಚಿತು. ಕಳಚುವ ಹಿಂದಿನ ಕ್ಷಣದ ತನಕವೂ “ಏನೂ ಆಗಲಿಲ್ಲ” ಎಂಬ ಮಾತು ಅಕ್ಷರಶಃ ನಿಜವಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಮುಂದಾಗುವುದನ್ನೆಲ್ಲ ಕಂಡವರು ಯಾರು? 1930ರಲ್ಲಿ ಥಾಮಸ್ ಮಿಜ್ಲಿ ಎಂಬ ಅಮೆರಿಕದ ವಿಜ್ಞಾನಿ ಹೊಸ ಶೀತಲಾನಿಲವೊಂದನ್ನು ಸಭೆಯ ಮುಂದೆ ತಾನೇ ಉಸಿರಿಗೆಳೆದುಕೊಂಡು, ಅದನ್ನು ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ವಿಷವಲ್ಲ, ಉರಿಯದು ಎಂದು ಲೋಕ ನಲಿಯಿತು. ಆ ಜಾತಿಯ ಅನಿಲಗಳು ಆಕಾಶದ ಓಜೋನ್ ಪದರವನ್ನು ಕೆಡಿಸಬಲ್ಲವೆಂದು ರೋಲೆಂಡ್ ಮತ್ತು ಮೊಲಿನ ತೋರಿಸಿದ್ದು 1974ರಲ್ಲಿ. ಅವುಗಳನ್ನು ನಿಲ್ಲಿಸುವ ಮಾಂಟ್ರಿಯಲ್ ಒಪ್ಪಂದವಾದದ್ದು 1987ರಲ್ಲಿ. ಹಾಗಾದರೆ ಮಿಜ್ಲಿಯೂ ತಂತಿ ಬಿಗಿದವನೂ ಒಂದೆಯೆ?

ಅಲ್ಲ. ಮಿಜ್ಲಿ ಅಂದು ತಿಳಿದಿದ್ದುದನ್ನು ಹತ್ತು ಜನರ ಕಣ್ಣ ಮುಂದಿಟ್ಟ. ಅವನಿಗೆ ಕಾಣದ್ದು ಅಂದು ಯಾರಿಗೂ ಕಾಣಲಿಲ್ಲ. ತಂತಿ ಬಿಗಿದವನಾದರೋ ತಿಳಿದದ್ದನ್ನು ಮರೆಮಾಡಿದ. ಆ ವಾಲ್ವು ಏಕಿದೆಯೆಂದು ಅವನು ಬಲ್ಲ. ಬಲ್ಲವನಾದುದರಿಂದಲೇ ತಂತಿ ಬೇಕಾಯಿತು. ಅಜ್ಞಾನಕ್ಕೆ ಕ್ಷಮೆಯುಂಟು, ಅರಿತು ಕಣ್ಣು ಮುಚ್ಚಿದ್ದಕ್ಕೆ ಅದೇ ಕ್ಷಮೆಯನ್ನು ಕೇಳಲಾಗದು. ಅದರ ಮೇಲೆ ಅವನು ಹಾಕಿದ ರುಜು ಇದೆ. ರುಜುವೆಂದರೆ, ಮುಂದಿನ ಪಾಳಿಯಲ್ಲಿ ಬರುವ, ತಾನು ಮುಖ ನೋಡದ ಒಬ್ಬ ಮನುಷ್ಯನಿಗೆ ಕೊಟ್ಟ ಮಾತು.

ಆದರೆ ತಪ್ಪನ್ನೆಲ್ಲ ಆ ಬಡಪಾಯಿಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವುದೂ ನ್ಯಾಯವಲ್ಲ. ಯಂತ್ರ ನಿಲ್ಲಿಸಿದರೆ ಹಾಲು ಕೆಡುತ್ತದೆ. ಅದು ಹಸು ಸಾಕಿದ ಸಾವಿರ ಮನೆಗಳ ಹಾಲು; ಅದೂ ಸಣ್ಣ ಮಾತಲ್ಲ. ನಿಲ್ಲಿಸಿದವನಿಗೆ ಬೈಗುಳ, ಓಡಿಸಿದವನಿಗೆ ಭೇಷ್ ಎಂಬುದು ಒಂದು ಕಾರ್ಖಾನೆಯ ರೀತಿಯಾಗಿದ್ದರೆ ಆ ತಂತಿಯ ಒಂದು ತುದಿ ಯಜಮಾನನ ಕೈಯಲ್ಲೇ ಇದೆ. ಬೆಳಗಿನ ಹಾಲು ಅರ್ಧ ಗಂಟೆ ತಡವಾದರೆ ರೇಗುವ ನಮ್ಮ ಕೈಗೂ ಅದರ ಎಳೆಯೊಂದು ತಾಗಿದೆ. “ಈಗ ಆಗದು, ನಿಲ್ಲಿಸುತ್ತೇನೆ” ಎನ್ನುವ ಕೆಲಸಗಾರನಿಗೆ ಅನ್ನ ತಪ್ಪದಂತೆ ನೋಡಿಕೊಳ್ಳುವುದು ಯಾವ ಸೇಫ್ಟಿ ವಾಲ್ವಿಗೂ ಕಡಮೆಯಾದ ರಕ್ಷಣೆಯಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರನ್ನು ನಾವು ನಗುತ್ತೇವೆ. ಮೊದಲೇ ಹಾಕಿದವನ ಹೆಸರು ಮಾತ್ರ ಯಾವ ಗಾದೆಯಲ್ಲೂ ಉಳಿಯಲಿಲ್ಲ. ಅವನ ಊರಿನಲ್ಲಿಯೂ ಏನೂ ಆಗಲಿಲ್ಲ. ನಿಷ್ಠೆಯಿಂದ ಮಾಡಿದವನೂ ಕಳ್ಳಗೆಲಸ ಮಾಡಿದವನೂ ಸಂಜೆ ಮನೆಗೆ ಹೋಗಿ ಇದೊಂದೇ ಮಾತನ್ನು ಹೇಳುತ್ತಾರೆ. ಒಬ್ಬನ ಬಾಯಲ್ಲಿ ಅದು ಅವನು ದುಡಿದು ತಂದ ಸಂಪಾದನೆ. ಇನ್ನೊಬ್ಬನ ಬಾಯಲ್ಲಿ ಅದು ಇನ್ನೂ ತೀರದ ಸಾಲ. ಯಾವುದು ಯಾವುದೆಂದು ಹೊರಗಿನವರಿಗೆ ತಿಳಿಯದು. ಮಾಡಿದವನಿಗೆ ತಿಳಿಯದೆ ಇರದು.